ಮೂರನೇ ಟೇಕ್

ನಮ್ಮ ಮನೆ ಒಂದೇ ರಾತ್ರಿಯಲ್ಲಿ ಹುಟ್ಟಿದ್ದು.
ಸಂಜೆ ಆ ಗುಡ್ಡದಲ್ಲಿ ಮುಳ್ಳುಗಿಡ, ಕತ್ತೆಲದ್ದಿ;
ಬೆಳಗಿನ ಬಾಂಗಿಗೆ ನಾಲ್ಕು ಗೋಡೆ, ತಗಡಿನ ಸೂರು,
ಸೂರಿನಡಿ ಒಲೆ ಹಚ್ಚಿ ಕೂತ ಅಜ್ಜಿ ಹಾಜೆರ್,
ಅವಳ ತೊಡೆಯ ಮೇಲೆ ಮೂರು ತಿಂಗಳ ನಾನು.
ಹೊಗೆ ಎದ್ದ ಮನೆಯನ್ನು ಕೆಡವುವ ಹಾಗಿಲ್ಲವೆಂದು
ಅಂಕಾರಾದ ಆ ಅಂಚಿನಲ್ಲಿ ಎಲ್ಲರೂ ನಂಬಿದ್ದರು,
ಪೊಲೀಸರೂ ಅರ್ಧ ನಂಬಿದ್ದರು.

ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ,
ಅಪ್ಪ ನೋಡದೆಯೇ ಕಟ್ಟಿದ, ಕತ್ತಲಲ್ಲಿ.
ಅದಕ್ಕೇ ಒಂದು ಕಿಟಕಿ ಮೊಣಕಾಲೆತ್ತರಕ್ಕೆ ಬಂತು.
ಬಾಗಿಲನ್ನು ತೆರೆಯುವುದಲ್ಲ,
ಎತ್ತಿ ಪಕ್ಕಕ್ಕಿಡಬೇಕಿತ್ತು.

ಹತ್ತು ವರ್ಷದ ಮೇಲೆ ಹ್ಯಾಟಿನವನೊಬ್ಬ ಗುಡ್ಡ ಹತ್ತಿ ಬಂದು
ಬಾಗಿಲಿಗೆ ಕೈಕೊಟ್ಟ; ಬಾಗಿಲು ಅವನ ಕೈಗೇ ಬಂತು.
‘ಇದೇ!’ ಎಂದ. ‘ಇಂಥದ್ದಕ್ಕೇ ಊರೆಲ್ಲ ಅಲೆದೆ.’
ಸಿನಿಮಾ ಅಂತೆ. ರಸ್ತೆಗೆಂದು ಮನೆ ಒಡೆಯುತ್ತಾರಂತೆ,
ಮನೆಯವರು ಜಗ್ಗುವುದಿಲ್ಲವಂತೆ, ನಗುವೋ ನಗುವಂತೆ.
‘ಇದರಲ್ಲಿ ನಗೋದು ಎಲ್ಲಿ?’ ಅಪ್ಪ ಕೇಳಿದ.
‘ಹೀಗೆ ಕೇಳ್ತೀಯಲ್ಲ, ಅಲ್ಲೇ!’

ಬಾಡಿಗೆಗೆ ಒಪ್ಪಿದೆವು, ಜೊತೆಗೆ ಒಂದು ಮೂಟೆ ಸಕ್ಕರೆ.
ಸಕ್ಕರೆ ಡಬ್ಬಿಯ ತಳದಲ್ಲಿ ಅಮ್ಮ ಬಚ್ಚಿಟ್ಟಿದ್ದ
ಪುರಸಭೆಯ ಕಾಗದದ ವಿಷಯ ಯಾರೂ ಎತ್ತಲಿಲ್ಲ:
ಹದಿನೈದು ದಿನ. ರಸ್ತೆ. ಸಹಿ.

ಇಸ್ತಾಂಬುಲ್‌ನಿಂದ ಬಂದಳು ಸಿನಿಮಾದ ಅಜ್ಜಿ,
ಬಿಳಿ ಕೂದಲು ಅಂಟಿಸಿಕೊಂಡ ನಲವತ್ತರವಳು.
ನಮ್ಮ ಅಜ್ಜಿಯನ್ನು ಪಕ್ಕದ ಮನೆಗೆ ಕಳಿಸಿದರು;
ಗಂಟೆಗೊಮ್ಮೆ ಒಲೆ ನೋಡಲು ಬಂದೇ ಬಂದಳು.
ಕ್ಯಾಮೆರಾ ಓಡುತ್ತಿರುವಾಗಲೇ
ನಟಿಯ ಕೈಯಿಂದ ಸೌಟು ಕಿತ್ತುಕೊಂಡಳು:
‘ಗೋಧಿನುಚ್ಚನ್ನು ಹೀಗೆ ತಿರುವಿದರೆ
ಯಾವ ಗಂಡಸು ಮನೆಗಾಗಿ ಹೊಡೆದಾಡ್ತಾನೆ?’

ಹದಿನೈದನೇ ದಿನ ಹಳದಿ ಬುಲ್ಡೋಜರ್ ಏರು ಹತ್ತಿತು.
ಮೇಲೆ ಬಹ್ರಿ, ಜೇಬಿನಲ್ಲಿ ಆದೇಶ.
ಹ್ಯಾಟಿನವನ ಕಣ್ಣಲ್ಲಿ ನೀರು ಬಂತು:
‘ಭಲೇ ಪ್ರೊಡಕ್ಷನ್! ನಾನು ಟ್ರ್ಯಾಕ್ಟರ್ ಕೇಳಿದ್ದೆ.
ಎಲ್ಲರೂ ಸುಮ್ಮನಿರಿ. ಆ್ಯಕ್ಷನ್!’

ನಟಿ ಓಡುವ ಮೊದಲೇ ನಮ್ಮ ಅಜ್ಜಿ ಓಡಿದಳು.
ಒಂದು ಚಪ್ಪಲಿ ಗಾಜಿಗೆ, ಒಂದು ಬಹ್ರಿಯ ಕಿವಿಗೆ.
‘ಕಟ್! ಅದ್ಭುತ! ಇನ್ನೊಮ್ಮೆ!’
ಚಪ್ಪಲಿ ಆರಿಸಿ ತಂದು ಅವಳ ಕೈಗೇ ಕೊಟ್ಟರು.
ಬಹ್ರಿ ಜೇಬಿಗೆ ಕೈ ಹಾಕಿದ, ಏನೋ ಹೇಳಹೊರಟ;
ಹುಡುಗಿಯೊಬ್ಬಳು ಬಂದು ಅವನ ಬೆವರೊರೆಸಿ
ಮೂಗಿಗೆ ಪೌಡರ್ ಹಚ್ಚಿದಳು.
ಹುಟ್ಟಿದಾಗಿನಿಂದ ಅವನ ಮುಖವನ್ನು
ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲವೇನೋ.
ಕಾಗದ ಒಳಗೇ ಉಳಿಯಿತು.

ಎರಡನೇ ಟೇಕಿಗೆ ಕೋಳಿಗೂಡು ಹೋಯಿತು.
ಅಪ್ಪ ಗೋಡೆಗೆ ಬೆನ್ನುಕೊಟ್ಟು ನಿಂತುಬಿಟ್ಟ,
ಅವನಿಗೆ ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ.
ಮೂರನೆಯದಕ್ಕೆ, ಯಾರೂ ಕಟ್ ಅನ್ನುವ ಮೊದಲೇ,
ಬಹ್ರಿ ಬ್ರೇಕ್ ಹಾಕಿದ.

ಚಹಾ ಕುಡಿದ. ‘ಯಾವಾಗ ಬಿಡುಗಡೆ?’ ಎಂದು ಕೇಳಿದ.
ಕಚೇರಿಗೆ ಹೋಗಿ ವರದಿ ಬರೆದ:
‘ಸದರಿ ಮನೆಯನ್ನು ಕೆಡವುವ ಕೆಲಸ
ಬೇರೆಯವರು ಶುರುಮಾಡಿಕೊಂಡಿದ್ದಾರೆ.’
ಗುಮಾಸ್ತ ಕಡತ ಕಟ್ಟಿಟ್ಟ. ರಸ್ತೆ ಬೇರೆ ಕಡೆ ಹೊರಳಿತು.

ಹತ್ತೊಂಬತ್ತು ವರ್ಷ ನಾವು
ಕಾಗದದಲ್ಲಿ ಇಲ್ಲದ ಮನೆಯಲ್ಲಿ ಬಾಳಿದೆವು.
ಕಂದಾಯದವನು ಬರಲಿಲ್ಲ. ನೀರಿನ ಬಿಲ್ ಬರಲಿಲ್ಲ.
ನೀರೂ ಬರಲಿಲ್ಲ.
ನನ್ನ ಮದುವೆಯ ಕರೆಯೋಲೆಗೆ ವಿಳಾಸ ಕೇಳಿದಾಗ
ಅಪ್ಪ ಸಿನಿಮಾದ ಹೆಸರು ಬರೆಸಿದ.
ಜನ ಸರಿಯಾಗಿಯೇ ಬಂದರು.

ಈಗ ಅಲ್ಲಿ ಹದಿನಾಲ್ಕು ಮಹಡಿ, ನಮ್ಮದು ಒಂಬತ್ತನೆಯದು,
ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.
ಹಬ್ಬ ಬಂತೆಂದರೆ ಟಿವಿಯಲ್ಲಿ ಆ ಸಿನಿಮಾ.
ಕೋರ್ಟಿನ ಉದ್ದ ಭಾಷಣಕ್ಕೆ ಎಲ್ಲರೂ ಅಳುವಾಗ
ಅಮ್ಮ ಸೌತೆಕಾಯಿ ಹೆಚ್ಚುತ್ತಾಳೆ.
ಅವಳಿಗೆ ಬೇಕಾದ್ದು ನಾಯಕನ ಭುಜದ ಹಿಂದೆ:
‘ನೋಡು, ನನ್ನ ಬಕೆಟ್. ನೋಡು, ನಿನ್ನ ಲಂಗ ಒಣಗ್ತಿದೆ.’

ಕೊನೆಗೆ ಹೆಸರುಗಳು ಏರುತ್ತವೆ.
ಬುಲ್ಡೋಜರ್ ಚಾಲಕ: ಬಹ್ರಿ.
ಅಜ್ಜಿಯ ಹೆಸರಿಲ್ಲ.
ಆದರೆ ಪ್ರತಿ ಹಬ್ಬಕ್ಕೂ ಚಪ್ಪಲಿ ಹಿಡಿದು ಓಡಿಬರುತ್ತಾಳೆ,
ಮೂರನೇ ಟೇಕಿನ ಅಜ್ಜಿ, ಎರಡು ಬಾರಿ ಓಡಿ ದಣಿದವಳು,
ಅವಳ ಹಿಂದೆ ಗೂಡಿಲ್ಲದ ಒಂದು ಕೋಳಿ
ಗಾಬರಿಯೇ ಇಲ್ಲದೆ ಪರದೆ ದಾಟುತ್ತದೆ.
ಮಾರನೇ ದಿನವೂ ಮೊಟ್ಟೆಯಿಟ್ಟಿತ್ತು ಅದು,
ಕ್ಯಾಮೆರಾದ ಪೆಟ್ಟಿಗೆಯೊಳಗೆ.