ಸೊನ್ನೆಗೆ ಹತ್ತಿರ

ಹಾಲಿಗೆ ಗಂಜಿ ಬೆರೆಸುತ್ತಾರೆಂಬ ಗುಮಾನಿ
ಮೊದಲು ಬಂದದ್ದು ತಬಸ್ಸುಮ್‌ಗೆ.
ದುರ್ಗಿಗುಡಿಯ ನಮ್ಮ ಹಾಸ್ಟೆಲಿನ ಹಿತ್ತಿಲಲ್ಲಿ,
ರಾತ್ರಿ ಒಂಬತ್ತಕ್ಕೆ, ಅಡುಗೆಯ ಚೌಡಮ್ಮ
ಅನ್ನ ಬಸಿದ ಗಂಜಿಯನ್ನು ಕ್ಯಾನಿಗೆ ಸುರಿದದ್ದನ್ನು
ಕಣ್ಣಾರೆ ಕಂಡಿದ್ದಳು.
ಬೆಳಗಾದರೆ ಅಂಥದ್ದೇ ಕ್ಯಾನು
ಹಾಲಿನವನ ಸೈಕಲ್ಲಿನಲ್ಲಿ.
ಇನ್ನೇನು ಬೇಕು ಪುರಾವೆ?

“ಬೇಕು,” ಎಂದರು ಲ್ಯಾಬಿನಲ್ಲಿ ರೇಣುಕಪ್ಪ ಸರ್.
“ಕಣ್ಣು ನೋಡಿದ್ದು ಕ್ಯಾನು.
ಹಾಲಲ್ಲಿ ಎಷ್ಟಿದೆ, ಅದನ್ನು ಹೇಳಿ.”

ಎಷ್ಟು ಅನ್ನುವುದಕ್ಕೆ ಮೊದಲು ಒಂದು ಗೆರೆ ಬೇಕು.
ಪಿಷ್ಟವನ್ನು ಕುದಿನೀರಲ್ಲಿ ಕರಗಿಸಿ, ಆರಿಸಿ,
ಎರಡು, ನಾಲ್ಕು, ಆರು, ಎಂಟು, ಹತ್ತು
ಅಳೆದಳೆದು ಐದು ಟ್ಯೂಬಿಗೆ ಹಾಕಿ
ಮೇಲೆ ತೊಟ್ಟು ತೊಟ್ಟು ಅಯೋಡಿನ್.
ಮೊದಲನೆಯದು ಒಗೆದೊಗೆದು ಮಾಸಿದ ಯೂನಿಫಾರ್ಮು,
ಕೊನೆಯದು ನೇರಳೆ ಹಣ್ಣು ತಿಂದ ನಾಲಿಗೆ.

ಕಲರಿಮೀಟರಿಗೆ ಕೆಂಪು ಫಿಲ್ಟರ್ ಸಿಕ್ಕಿಸಿದರು.
ನೀಲಿ ಅಳೆಯುವುದಕ್ಕೆ ಕೆಂಪು ಯಾಕೆ ಸರ್?
“ನೀಲಿ ನುಂಗೋದು ಕೆಂಪನ್ನ.
ಯಾರು ಎಷ್ಟು ನುಂಗಿದರು ಅಂತ ತಾನೆ
ನೀವು ಕೇಳ್ತಿರೋದು?”

ಗ್ರಾಫ್ ಹಾಳೆಯ ಮೇಲೆ ಐದು ಚುಕ್ಕಿ.
ನಾಲ್ಕು ಮಾತು ಕೇಳಿದವು.
ಮೂರನೆಯದು ಗೆರೆ ಬಿಟ್ಟು ಮೇಲೆ ಹೋಗಿ ಕೂತಿತು:
ಪಿಪೆಟ್ ಹಿಡಿದು ಚೌಡಮ್ಮನನ್ನು ಬೈಯುತ್ತಿದ್ದಾಗ
ನನ್ನ ಕೈಯಿಂದ ಹೆಚ್ಚಿಗೆ ಬಿದ್ದ ಎರಡು ಹನಿ.
ಅಳಿಸೋಣವೆಂದು ರಬ್ಬರ್ ಹುಡುಕಿದೆ.
ಸರ್ ಅದನ್ನು ಆಗಲೇ ಕಿಸೆಗೆ ಹಾಕಿಕೊಂಡಿದ್ದರು.

ಆಮೇಲೆ ಹಾಲು.
ಕಾಸಿ, ನಿಂಬೆಹುಳಿ ಹಿಂಡಿ, ಒಡೆಸಿ, ಸೋಸಿ,
ತಿಳಿಗೆ ಅಯೋಡಿನ್ ಬಿಟ್ಟು
ಮೂವರೂ ಉಸಿರು ಹಿಡಿದೆವು.
ಹಳದಿ.
ಇನ್ನೊಂದು ತೊಟ್ಟು ಬಿಟ್ಟರೂ ಹಳದಿಯೇ.
ಮುಳ್ಳು ಚೂರು ನಡುಗಿ
ಸೊನ್ನೆಗೆ ಹತ್ತಿರ ಮಲಗಿಬಿಟ್ಟಿತು.

ಮತ್ತೆ ಹಾಲು ಇಷ್ಟು ತೆಳ್ಳಗೆ ಯಾಕೆ?
ನೀರು ಕಂಡರೆ ಅಯೋಡಿನ್ ಏನೂ ಅನ್ನುವುದಿಲ್ಲ.
ನಾವು ಕೇಳಿದ್ದು ಗಂಜಿ;
ಗೆರೆ ಉತ್ತರ ಕೊಟ್ಟದ್ದೂ ಗಂಜಿಗೆ.
“ಗಂಗಾ ಸ್ನಾನ, ತುಂಗಾ ಪಾನ!” ಎಂದು ಸರ್
ಟ್ಯೂಬನ್ನು ಲೋಟದ ಹಾಗೆ ಎತ್ತಿ ಹಿಡಿದು ನಕ್ಕರು.

ಸಂಜೆ ನಾಗವೇಣಿ ಕೇಳಿಯೇಬಿಟ್ಟಳು.
ಚೌಡಮ್ಮ ಸೌಟು ನಿಲ್ಲಿಸಲಿಲ್ಲ.
“ಅವನ ಎಮ್ಮೆ ಕರ ಹಾಕೈತೆ.
ಗಂಜಿ, ಕಲಗಚ್ಚು ಮೋರಿಗೆ ಯಾಕೆ ಅಂತ
ಬ್ಯಾರೆ ಕ್ಯಾನಲ್ಲಿ ತುಂಬಿಟ್ಟಿರ್ತೀನಿ.
ಯಾಕ್ರವ್ವಾ?”

ಅಂದರೆ ಗಂಜಿ ಹಾಲು ಸೇರುತ್ತಿದ್ದದ್ದು ನಿಜ,
ಎಮ್ಮೆಯ ಹೊಟ್ಟೆಯೊಳಗಿನ ಸುತ್ತುದಾರಿಯಲ್ಲಿ.
ಆ ದಾರಿಗೆ ನಮ್ಮ ಹತ್ತಿರ ಗ್ರಾಫ್ ಇರಲಿಲ್ಲ.

ಮಾರನೆ ದಿನ ರೆಕಾರ್ಡಿನಲ್ಲಿ ‘ಪಿಷ್ಟ: ಇಲ್ಲ’ ಎಂದು ಬರೆದು
ಹತ್ತರ ಟ್ಯೂಬನ್ನು ಸುಮ್ಮನೆ ಬರ್ನರಿಗೆ ಹಿಡಿದೆ.
ಕಾದಂತೆ ನೀಲಿಯೆಲ್ಲ ಮಾಯ,
ಗಾಜು ತಿಳಿನೀರಿನಷ್ಟು ಮುಗ್ಧ.
ನಲ್ಲಿಯ ಕೆಳಗೆ ತಣಿಸಿದೆ. ತಳದಿಂದ
ಮೆಲ್ಲಗೆ ಮರಳಿ ಬಂತು.

ಆ ರಾತ್ರಿ ಒಂಬತ್ತಕ್ಕೆ ತಬಸ್ಸುಮ್
ಹಿತ್ತಿಲ ಕಿಟಕಿಯ ಹತ್ತಿರ ನಿಂತಿದ್ದಳು.
“ಸುಮ್ನೆ ಕಣೆ,” ಅಂದಳು.
ನಾನೂ ಪಕ್ಕದಲ್ಲಿ ಹೋಗಿ ನಿಂತೆ.