ಅಂಟು ಒಣಗುವ ತನಕ

ಮಂಡಿ ಮೊಹಲ್ಲಾದ ನನ್ನ ಅಂಗಡಿ ಮುಂದೆ
ಮಧ್ಯಾಹ್ನ ಮೂರಕ್ಕೆ ಆಟೋದಿಂದ ಇಳಿದರು ಕಬಾಸೊ,
ಟವೆಲಿನಲ್ಲಿ ಸುತ್ತಿದ ಗಿಟಾರು ಎದೆಗವಚಿ.
ವಿಮಾನದಲ್ಲಿ ಕುದುರೆ ಕಿತ್ತುಬಂದಿತ್ತು,
ಆರು ತಂತಿಯೂ ಜೋತು.

ನಾನು ವಾದ್ಯದವನಲ್ಲ ಸ್ವಾಮಿ, ಅಂದೆ,
ಬೀಟೆ ಹಲಗೆಯೊಳಗೆ ಆನೆ ಕೂರಿಸುವವನು,
ದಸರಾ ಹತ್ತಿರವಾದರೆ ಅಂಬಾರಿಯನ್ನೂ.
ಅವರು ಗೋಡೆಯ ಆನೆಯನ್ನೇ ದಿಟ್ಟಿಸಿ
'ಕಿವಿ ಯಾಕಿಷ್ಟು ಚಿಕ್ಕದು?' ಅಂದರು.
ನಮ್ಮ ಕಡೆ ಇಷ್ಟೇ, ಅಂದೆ.
ನಕ್ಕೆವು. ಕೆಲಸ ಒಪ್ಪಿಕೊಂಡೆ.

ಕುದುರೆಯ ಅಡಿಗೆ ಉಜ್ಜುಕಾಗದ ತಾಗಿಸಿದ್ದೇ ತಡ
ಆ ಸಿಹಿ ಘಾಟು ಮೂಗಿಗೆ ಬಡಿಯಿತು.
ಅರೆ, ಬೀಟೆ!
ಯಾವ ಲಾರಿ, ಯಾವ ಹಡಗು ಹತ್ತಿ ಹೋಗಿತ್ತೋ,
ಮೊಮ್ಮಗಳು ಬ್ವಾಲ್ಯಳನ್ನು ಫಾರ್ಮಸಿ ಕಾಲೇಜಿಗೆ ಬಿಡುವ ನೆಪದಲ್ಲಿ
ಮುರಿದುಕೊಂಡು ವಾಪಸ್ಸು.

ಅಂಟು ಹಚ್ಚಿ, ಬಿಗಿದು, 'ನಾಳೆ ಬನ್ನಿ' ಅಂದರೂ
ಸ್ಟೂಲು ಬಿಟ್ಟು ಏಳಲಿಲ್ಲ ಆಸಾಮಿ.
ನನ್ನ ಇಂಗ್ಲಿಷು ಗೇಣುದ್ದ. ಮಿಕ್ಕಿದ್ದು ಕೈಸನ್ನೆ:

ಎಣ್ಣೆ ಡಬ್ಬಿಗೆ ಗಾಳದ ದಾರ ಕಟ್ಟಿದ್ದು, ಎಂಟನೇ ವಯಸ್ಸಿಗೆ,
ಅದೇ ಮೊದಲನೆಯದು.
ಕಿಟ್ವೆಯ ತಾಮ್ರದ ಗಣಿ. ಅಪ್ಪ ನೆಲದ ಕೆಳಗೆ,
ಮೇಲೆ ಗಣಿಯವರ ಬಾರಿನಲ್ಲಿ ಮಗ
ಶನಿವಾರ ಸಂಜೆಯಿಂದ ಭಾನುವಾರ ಬೆಳಗಿನ ತನಕ.
ಆರು ಜನರ ಬ್ಯಾಂಡು. ಬೆಲ್‌ಬಾಟಮ್ಮು.
ಎರಡು ರೆಕಾರ್ಡು; ಒಂದು ಹಾಡು ರೇಡಿಯೋದಲ್ಲಿ ಬಂದ ದಿನ
ಬಸ್ಸು ನಿಲ್ಲಿಸಿ ಕುಣಿದರಂತೆ ಡ್ರೈವರು, ಕಂಡಕ್ಟರು.
ಆಮೇಲೆ ತಾಮ್ರದ ಬೆಲೆ ಬಿತ್ತು.
ಆಮೇಲೆ ಆ ಕಾಯಿಲೆ.

ಒಬ್ಬೊಬ್ಬನಿಗೆ ಒಂದೊಂದು ಬೆರಳು ಮಡಿಚುತ್ತ ಹೋದರು:
ಡ್ರಮ್ಮಿನವನು, ಬೇಸಿನವನು, ಅಣ್ಣತಮ್ಮಂದಿರಿಬ್ಬರು,
ಬರೀ ನಗಿಸುತ್ತಿದ್ದವನೊಬ್ಬ.
ಐದೂ ಮಡಿಚಾದ ಮೇಲೆ
ಆ ಮುಷ್ಟಿಯನ್ನೇ ನೋಡುತ್ತ ಕೂತರು.

ನಾನೇನು ಹೇಳಲಿ?
ಹುಡುಗನನ್ನು ಚಹಾಕ್ಕೆ ಕಳಿಸಿದೆ.

ಹನ್ನೊಂದು ವರ್ಷ ಗಿಟಾರು ಬೀರುವಿನ ಮೇಲೆ,
ಇವರು ಗಣಿಯ ಉಗ್ರಾಣದಲ್ಲಿ ಬೂಟು ಎಣಿಸುತ್ತ.
ಯಾರೋ ಬೆಲ್ಜಿಯಂ ಹುಡುಗ ಹಳೇ ರೆಕಾರ್ಡು ಕಂಕುಳಲ್ಲಿಟ್ಟು
ಬಾಗಿಲು ತಟ್ಟಿದನಂತೆ.
'ಇದರಲ್ಲಿ ಹಾಡಿದವರು ಇದ್ದಾರಾ?'
ಇದ್ದೇನೆ, ಅನ್ನಲು ಕೊಂಚ ಹೊತ್ತು ಹಿಡಿಯಿತು, ಅಂದರು.
ಈಗ ಅರವತ್ತೆಂಟು. ಊರೂರಿಗೆ ಕರೆಯುತ್ತಾರೆ,
ಮಂಡಿ ನೋವು, ಮೆಟ್ಟಿಲಿರುವ ವೇದಿಕೆ ಆಗದು.

ಮಾರನೆ ದಿನ ತಂತಿ ಬಿಗಿದು, ಬಿರಟೆ ತಿರುವಿ
ಅಲ್ಲೇ ಶುರು ಮಾಡಿದರು, ಕಣ್ಣು ಮುಚ್ಚಿ.
ಸೊಪ್ಪಿನ ಗಾಡಿ ನಿಂತಿತು.
ಎದುರು ಮನೆಯ ತಾಹಿರಾ ಬೂಬಮ್ಮ ಪರದೆ ಸರಿಸಿದರು.

ಹಾಡು ಹೇಗಿತ್ತು ಎಂದು ಮನೆಯಲ್ಲಿ ಕೇಳುತ್ತಾರೆ.
ನಾನು ಹಾಡು ಕೇಳಲಿಲ್ಲ.
ಕುದುರೆಯ ಕೆಳಗೆ, ನಾನು ಹಚ್ಚಿದ ಅಂಟು
ಎಲ್ಲಿ 'ಟಿಕ್' ಅನ್ನುವುದೋ ಎಂದು
ಉಸಿರು ಹಿಡಿದು ನಿಂತಿದ್ದೆ.

ಅನ್ನಲಿಲ್ಲ.