ಒಂದೀಟ ಮ್ಯಾಲ

ಭಾನುವಾರ ಬೆಳಗ್ಗೆ ಏಳಕ್ಕೆ
ಭೀಮೆಯ ಆಚೆ ದಂಡೆಯ ಇಂಡಿಯಿಂದ
ಹಲಸಂಗಿ ಮಾಸ್ತರರು ಹಾಜರಿ ಕೂಗುತ್ತಾರೆ.
ಹದಿನಾಲ್ಕು ಜನ. ನಾನು ಕೊನೆಯವಳು.
"ತಂಗೀ, ಸೊಲ್ಲಾಪುರದಾಕಿ,
ನೀ ಒಂದೀಟ ಮ್ಯಾಲ ಅದಿ.
ದನಿ ಬಾತುಕೋಳಿ ಆಗ್ಯದ."
ಉಳಿದವರು ನಕ್ಕದ್ದು
ಇಂಡಿ, ಜತ್ತ, ಅಫಜಲಪುರ, ಮೂರೂ ಕಡೆಯಿಂದ ಕೇಳಿಸಿತು.

ಗುಂಡಿ ತಿರುಗಿಸುವ ಪೆಟ್ಟಿಗೆಯಲ್ಲ ನನ್ನ ರೇಡಿಯೋ.
ಬೆಂಕಿಪೊಟ್ಟಣದಷ್ಟು ಹಸಿರು ಹಲಗೆ, ಹಳೆ ಲ್ಯಾಪ್‌ಟಾಪು,
ಮೋಟಾರು ಸುತ್ತಿ ಉಳಿದ ತಾಮ್ರದ ತಂತಿ
ನೀರಿನ ಟಾಕಿಯಿಂದ ಬೇವಿನ ಮರಕ್ಕೆ.
ಮಿಕ್ಕದ್ದೆಲ್ಲ ಲೆಕ್ಕ:
ಆಕಾಶವನ್ನು ಅಂಕಿ ಮಾಡಿ
ಅಂಕಿಯನ್ನು ಮತ್ತೆ ಮಾತು ಮಾಡುವುದು.

ಪರದೆಯ ಮೇಲೆ ಒಂದೊಂದೇ ಗೆರೆ ಇಳಿಯುತ್ತದೆ,
ಹೊಕ್ಕಿನ ಮೇಲೆ ಹೊಕ್ಕು ಬಿದ್ದ ಹಾಗೆ.
ಅದರೊಳಗೆ ಮೂರು ವಾರದಿಂದ ಒಂದು ಹಳದಿ ಪಟ್ಟಿ,
ಚಾದರದ ಅಂಚಿನಷ್ಟು ಅಗಲ,
ಬಂದವರ ದನಿಯನ್ನೆಲ್ಲ ನುಂಗುತ್ತಿತ್ತು.
ಪಕ್ಕದ ಗಾಜುಲ ನರಸಯ್ಯನ ಮಗ್ಗಗಳದೇ ಕೆಲಸವೆಂದು
ತೆಲುಗಿನಲ್ಲಿ ಜಗಳಕ್ಕೆ ಹೋದೆ.
ಅವನು ಮರಾಠಿಯಲ್ಲಿ ಕೂರಿಸಿ ಚಹಾ ಕೊಟ್ಟ.
ಸೂಟಿಯ ದಿನ ಹನ್ನೆರಡೂ ಮಗ್ಗ ಮಲಗಿದವು.
ಪಟ್ಟಿ ಮಲಗಲಿಲ್ಲ.
ನನ್ನದೇ ಲ್ಯಾಪ್‌ಟಾಪಿನ ಚಾರ್ಜರು!
ಕಿತ್ತೆಸೆದೆ.
ನರಸಯ್ಯನಿಗೆ ಇನ್ನೂ ಹೇಳಿಲ್ಲ.

ಪರದೆಯ ನಟ್ಟನಡುವೆ ಒಂದು ಮೊಳೆ ಸದಾ ನಿಂತಿರುತ್ತದೆ,
ಯಾವ ನಿಲಯವೂ ಅಲ್ಲ, ಯಂತ್ರದ ಸ್ವಂತ ಹೊಕ್ಕುಳು.
ಅದರ ಬಲಕ್ಕೆ ಯಾರು ಮಾತಾಡಿದರೂ
ಎಡಕ್ಕೆ ಮಸುಕು ಮಸುಕಾಗಿ ಒಬ್ಬ ಅವಳಿ,
ಅದೇ ಮಾತು, ತಿರುವುಮುರುವು.
ಎರಡು ಅಂಕಿಗಳ ತೂಕ ಸರಿದೂಗಿಸುತ್ತ
ಅವಳಿಯನ್ನು ಕುಗ್ಗಿಸಿದೆ, ಇನ್ನೂ ಕುಗ್ಗಿಸಿದೆ;
ಪೂರ್ತಿ ಹೋಗಲಿಲ್ಲ. ಬಿಟ್ಟೆ.
ಕನ್ನಡ ಶಾಲೆಯ ದಾಖಲೆಯಲ್ಲಿ ನಾನು ನೀಲವ್ವ,
ಲೈಟ್ ಬಿಲ್ಲಿನಲ್ಲಿ ನಿಲಾವಾ.

ಇನ್ನು ಉಳಿದದ್ದು ಆ "ಒಂದೀಟ".
ಹರಳು ಬಿಸಿಯಾಗಿ ಒಂದು ಹದಕ್ಕೆ ಬರಬೇಕು,
ಅದೂ ಮೇ ತಿಂಗಳು, ತಗಡಿನ ಕೋಣೆ.
ನಲವತ್ತು ನಿಮಿಷ. ಕಡಕ್ ರೊಟ್ಟಿ, ಶೇಂಗಾ ಚಟ್ನಿ.
ಆಮೇಲೆ ಹತ್ತು ಮೆಗಾಹರ್ಟ್ಸಿನಲ್ಲಿ
ಯಾವುದೋ ದೂರದೇಶದ ಗಡಿಯಾರ,
ಯಾರನ್ನೂ ಕರೆಯದೆ ಟಿಕ್ಕು ಟಿಕ್ಕೆನ್ನುತ್ತ ಕೂತದ್ದು.
ಅದರ ದನಿಗೆ ನನ್ನದೊಂದು ದನಿ ಹಚ್ಚಿದೆ.
ಎರಡೂ ಕಾದಾಡಿದವು,
ವ್ವಂವ್ವಂವ್ವಂವ್ವಂ,
ಹತ್ತು ಲಕ್ಷಕ್ಕೆ ಹದಿನೆಂಟು ಕಳೆದೆ, ಹತ್ತೊಂಬತ್ತು,
ವ್ವಂ... ವ್ವಂ...
ಕರೆಂಟು ಹೋದಾಗ ಮಗ್ಗ ಸೋಲುವ ಹಾಗೆ,
ಇಪ್ಪತ್ತು,
ವ್ವಂ

ಲಾಳಿ ನಿಂತಿತು.

ಭಾನುವಾರ ಎದೆಯುಬ್ಬಿಸಿ ಕರೆದೆ.
ಮಾಸ್ತರರು ಒಂದು ಗಳಿಗೆ ಸುಮ್ಮನಿದ್ದರು.
"ಸುಧಾರಿಸೀದಿ. ಆದ್ರ ಇನ್ನೂ ಒಂದೀಟ ಮ್ಯಾಲ."

ನೋಡಿದೆ. ಅಳೆದೆ. ಗಡಿಯಾರಕ್ಕೆ ಹೋಗಿಬಂದು ಮತ್ತೆ ಅಳೆದೆ.
ಮಾಸ್ತರರೇ ಅರವತ್ತು ಹರ್ಟ್ಸ್ ಕೆಳಗೆ.
ಅವರ ದನಿಗೆ ದನಿ ಕೂಡಿಸಿಕೊಂಡು
ಹದಿಮೂರೂ ಜನ ಅರವತ್ತು ಹರ್ಟ್ಸ್ ಕೆಳಗೆ,
ಎಷ್ಟು ವರ್ಷದಿಂದಲೋ,
ಒಬ್ಬರಿಗೊಬ್ಬರು ಸ್ವಚ್ಛ ಕೇಳಿಸುತ್ತ.
ಹೇಳಬಹುದಿತ್ತು. ಬೆರಳು ಗುಂಡಿಯ ಮೇಲೇ ಇತ್ತು.
ಅಷ್ಟರಲ್ಲಿ ಮಾಸ್ತರರು
ಅಫಜಲಪುರದವರ ಮೊಣಕಾಲು ನೋವು ವಿಚಾರಿಸತೊಡಗಿದರು.

ಈಗ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಅಂಕಿ:
ಒಂದು ಗಡಿಯಾರಕ್ಕೆ,
ಒಂದು ಭಾನುವಾರಕ್ಕೆ.

"ಈಗ ನೋಡು ತಂಗೀ, ಖರೇ ಜಾಗಾಕ್ಕ ಬಂದಿ."
ಹೌದ್ರೀ ಸರ, ಅಂದೆ.